ಗಾಜಿನ ತೊಟ್ಟಿಯ ಪಾಚಿ

ನನ್ನ ಅಕ್ಕ ಮದುವೆಯಾದದ್ದು ಅವಳ ತಲೆಗೂದಲು ಅರ್ಧ ಬೆಳ್ಳಗಾದ ಮೇಲೆ. ಅಲ್ಲಿಯವರೆಗೆ ಹೊನ್ನಾವರದ ಬಂದರಿನ ಹಿಂದಿನ ಓಣಿಯಲ್ಲಿ ನಾವಿಬ್ಬರೇ ಇದ್ದೆವು. ಅಮ್ಮ ತೀರಿಕೊಂಡಾಗ ನಾನು ಶಾಲೆಗೆ ಹೋಗುವ ಹುಡುಗ. ಅಪ್ಪ ಬೋಟಿನ ಮೇಲೆಯೇ ಹೆಚ್ಚು ಇರುತ್ತಿದ್ದವರು, ಆಮೇಲೆ ಅವರೂ ಹೋದರು. ಅಕ್ಕ ಬುಟ್ಟಿ ಹೊತ್ತು ಮೀನು ಮಾರಿದಳು, ಒಣಮೀನಿನ ವ್ಯಾಪಾರ ಹಿಡಿದಳು, ನನ್ನನ್ನು ಎಕ್ಸ್‌ರೇ ತೆಗೆಯುವ ಕೋರ್ಸಿಗೆ ಕಳಿಸಿದಳು. ನನಗೆ ಕುಮಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ನನಗೆ ಹೆಣ್ಣು ನೋಡುವ ಮಾತು ಎರಡು ಮೂರು ಸಲ ಬಂದು ನಿಂತುಹೋಯಿತು. ಅವಳದ್ದು ಮಾತಿಗೇ ಬಂದಿರಲಿಲ್ಲ.

ಒಂದು ದಿನ ಊಟಕ್ಕೆ ಬಡಿಸುತ್ತ, ಭಟ್ಕಳದ ಒಬ್ಬರ ವಿಷಯ ತೆಗೆದಳು. ಹೆಂಡತಿ ತೀರಿಕೊಂಡವರು, ಬೋಟಿನ ಇಂಜಿನ್ ರಿಪೇರಿ ಮಾಡುವವರು. ಒಣಮೀನು ಒಯ್ಯುವ ಟೆಂಪೋ ಹಾದಿಯಲ್ಲಿ ಕೆಟ್ಟು ನಿಂತಾಗ ಪರಿಚಯವಂತೆ.

"ನೀ ಬೇಡ ಅಂದ್ರೆ ನಾ ಹೋಗುದಿಲ್ಲ ತಮಾ," ಅಂದಳು.

"ಬೇಡ ಅನ್ನೂಕೆ ನಾ ಯಾರು? ಹೋಗು," ಅಂದೆ. ಮನಸ್ಸಿನಿಂದಲೇ ಅಂದೆ.

ಇಡಗುಂಜಿಯಲ್ಲಿ ನಾಲ್ಕು ಜನರ ಎದುರು ಹಾರ ಹಾಕಿಕೊಂಡರು. ಬಾಡಿಗೆ ಕಾರಿನಲ್ಲಿ ಭಾವನ ಜೊತೆ ಅಕ್ಕ ಭಟ್ಕಳಕ್ಕೆ ಹೋದಳು, ನಾನು ಬಸ್ಸು ಹಿಡಿದು ಮನೆಗೆ ಬಂದೆ. ಬೀಗ ತೆಗೆಯಲು ನಿಂತಾಗಲೇ ಗೊತ್ತಾದದ್ದು, ಈ ಬಾಗಿಲನ್ನು ನಾನು ಹೊರಗಿನಿಂದ ತೆಗೆದದ್ದು ಬಹಳ ಕಡಿಮೆ. ಕೀಲಿ ಯಾವ ಕಡೆ ತಿರುಗುತ್ತದೆ ಎನ್ನುವುದೂ ಕೂಡಲೇ ನೆನಪಾಗಲಿಲ್ಲ.

ಮೀನಿನ ತೊಟ್ಟಿ ನಾನು ಹುಡುಕಿಕೊಂಡು ಹೋದದ್ದಲ್ಲ. ನಮ್ಮ ಸೆಂಟರಿನಲ್ಲಿ ರೋಗಿಗಳು ಕಾಯುವ ಜಾಗದಲ್ಲಿ ಒಂದು ಇತ್ತು. ಅಲ್ಲಿ ಟಿವಿ ಇಡಬೇಕೆಂದು ಅದನ್ನು ಖಾಲಿ ಮಾಡಿ ಹಿಂದಿನ ಶೆಡ್ಡಿಗೆ ಹಾಕಿದರು. ಕೇಳಿದೆ, ಒಯ್ಯಿ ಅಂದರು. ಅಕ್ಕನ ಮಂಚ ಇದ್ದ ಗೋಡೆಗೆ, ಕಿಟಕಿಯ ಪಕ್ಕ, ಗಟ್ಟಿ ಮೇಜು ಹಾಕಿ ಇಟ್ಟೆ. ಮಂಚ ಅವಳ ಹಿಂದೆಯೇ ಟೆಂಪೋದಲ್ಲಿ ಭಟ್ಕಳಕ್ಕೆ ಹೋಗಿತ್ತು, ಆ ಖಾಲಿ ಜಾಗ ನೋಡಿ ನೋಡಿ ಸಾಕಾಗಿತ್ತು.

ಬರೀ ಮೀನು ಬೇಡ, ಒಳಗೆ ಗಿಡ ಬೆಳೆಸಬೇಕು ಅನ್ನಿಸಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಒಂದೊಂದೇ ಮಾಡುತ್ತ ಹೋದೆ. ಕಡಲ ಮರಳು ಆಗುವುದಿಲ್ಲ, ಉಪ್ಪು, ಚಿಪ್ಪಿನ ಚೂರು ಇರುತ್ತದೆ. ಗೇರುಸೊಪ್ಪೆ ಕಡೆಯ ಹೊಳೆಮರಳು ತರಿಸಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆದೆ. ಕೆಳಗೆ ಮಣ್ಣು, ಮೇಲೆ ಮರಳು. ಕುಮಟೆ ಪೇಟೆಯ ಬಣ್ಣದ ಮೀನಿನ ಅಂಗಡಿಯಿಂದ ಗಿಡ ತಂದೆ. ಹುಲ್ಲಿನ ಹಾಗೆ ಉದ್ದಕ್ಕೆ ಹೋಗುವುದು ಹಿಂದೆ, ಗಿಡ್ಡದ್ದು ಮುಂದೆ. ಮಣ್ಣು ಏಳಬಾರದೆಂದು ಒಳಗೆ ಚಹಾದ ಬಸಿ ಇಟ್ಟು ಅದರ ಮೇಲೆ ನಿಧಾನ ನೀರು ಹೊಯ್ದೆ. ಮೀನು ಬಿಡಲು ಕೆಲವು ವಾರ ಕಾಯಬೇಕು ಎಂದಿದ್ದರು. ಆ ವಾರಗಳಲ್ಲಿ ಕೆಲಸದಿಂದ ಬಂದು, ಕುರ್ಚಿ ಎಳೆದುಕೊಂಡು, ಮೀನಿಲ್ಲದ ನೀರನ್ನೇ ನೋಡುತ್ತ ಕೂರುತ್ತಿದ್ದೆ. ಎಲೆಯೊಂದು ಚೂರು ಮೇಲೆದ್ದರೂ ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು.

ಆಮೇಲೆ ಗಪ್ಪಿ ಮೀನು ಬಂದವು, ನಾಲ್ಕಾರು ಬಸವನಹುಳುಗಳೂ ಬಂದವು. ಬೆಳಿಗ್ಗೆ ಎದ್ದೊಡನೆ ತೊಟ್ಟಿಯ ದೀಪ ಹಾಕುತ್ತಿದ್ದೆ. ಕೆಲಸಕ್ಕೆ ಹೋಗುವಾಗ ಆರಿಸುತ್ತಿರಲಿಲ್ಲ. ಕಿಟಕಿಯಲ್ಲಿ ಬೆಳಕು ಕಾಣುತ್ತಿದ್ದರೆ ಯಾರನ್ನೋ ಮನೆಯಲ್ಲಿ ಬಿಟ್ಟು ಹೋದ ಹಾಗೆ ಆಗುತ್ತಿತ್ತು. ಪಕ್ಕದ ಮನೆಯ ಕೊಂಕಣಿ ಹೆಂಗಸು ಒಮ್ಮೆ, "ದಿನಾ ದೀಪ ಉರೀತದಲ್ಲ, ಅಕ್ಕ ಬಂದಿದ್ದಾಳಾ?" ಎಂದು ಕೇಳಿದರು. ಇಲ್ಲ, ಮೀನಿಗೆ ಅಂದೆ. ಅವರು "ಬರೋಬರ್" ಎಂದು ಒಳಗೆ ಹೋದರು.

ಪಾಚಿ ಮೊದಲು ಬಂದದ್ದು ಕಂದು ಬಣ್ಣದಲ್ಲಿ, ಗಾಜಿಗೆ ಧೂಳು ಹಿಡಿದ ಹಾಗೆ. ಒರೆಸಿದೆ. ನಂತರ ಹಸಿರು ಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕೊನೆಗೆ ಎಲೆಗಳ ತುದಿಯಿಂದ ಕೂದಲಿನಂಥ ಎಳೆಗಳು ಹೊರಟವು. ಭಾನುವಾರವಿಡೀ ಕಡ್ಡಿಗೆ ಸುತ್ತಿ ಎಳೆದು ತೆಗೆದರೆ ಬುಧವಾರಕ್ಕೆ ಮತ್ತೆ ಅಷ್ಟೇ. ಅಂಗಡಿಯಿಂದ ಒಂದು ಬಾಟಲಿ ಔಷಧಿ ತಂದು ಹಾಕಿದೆ. ಪಾಚಿ ಸ್ವಲ್ಪ ಮಾಸಿತು, ಬಸವನಹುಳುಗಳು ಸತ್ತವು. ಅವನ್ನು ಕೈಯಲ್ಲಿ ಹಿಡಿದು ತೆಂಗಿನ ಬುಡಕ್ಕೆ ಹಾಕಿ ಬಂದ ದಿನ ಊಟ ಸೇರಲಿಲ್ಲ. ಹುಳುವಿಗಾಗಿ ಊಟ ಬಿಟ್ಟೆ ಎಂದು ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

ಕಾರಣ ಗೊತ್ತಿರಲಿಲ್ಲ ಎಂದಲ್ಲ. ಯಾವ ವಿಡಿಯೋ ನೋಡಿದರೂ ಅದನ್ನೇ ಹೇಳುತ್ತಿದ್ದರು: ಬೆಳಕು ಹೆಚ್ಚಾದರೆ ಪಾಚಿ, ತಿಂಡಿ ಹೆಚ್ಚಾದರೆ ಪಾಚಿ. ದೀಪ ಆರಿಸಿ ಬೀಗ ಹಾಕಲು ನನಗೆ ಆಗುತ್ತಿರಲಿಲ್ಲ. ತಿಂಡಿಯೂ ಹಾಗೆಯೇ. ಕೈ ಎತ್ತಿದರೆ ಸಾಕು, ಮೀನುಗಳೆಲ್ಲ ನನ್ನ ಕಡೆ ಓಡಿ ಬರುತ್ತಿದ್ದವು. ಅದಕ್ಕಾಗಿ ಮತ್ತೊಂದು ಚಿಟಿಕೆ, ಆಮೇಲೆ ಇನ್ನೊಂದು.

ಚೌತಿಯ ಮರುವಾರ ಅಕ್ಕ, ಭಾವ ಬಂದರು. ಅಕ್ಕ ಚೀಲ ಇಳಿಸಿ ನೇರ ತೊಟ್ಟಿಯ ಎದುರು ನಿಂತಳು.

"ಎಂತದೋ ತಮಾ ಇದು? ಮನೇಲಿ ಕೆರೆ ಮಾಡ್ಕಂಡ್ಯಾ?"

"ಪಾಚಿ ಅಕ್ಕಾ. ಹೋಗುದೇ ಇಲ್ಲ."

ಭಾವ ಬಗ್ಗಿ ಕಿಟಕಿ ನೋಡಿದರು, ಮೇಲಿನ ದೀಪ ನೋಡಿದರು. "ಇದು ಎಷ್ಟು ಹೊತ್ತು ಉರೀತದೆ?"

"ಬೆಳಿಗ್ಗೆ ಹಾಕಿದ್ರೆ ಮಲಗೂ ತನಕ."

"ನೀ ಕುಮಟೆಗೆ ಹೋಗಿರ್ತೆ. ಹಗಲಿಡೀ ಯಾರು ನೋಡೂಕೆ?" ಅಕ್ಕ ಕೇಳಿದಳು.

ಅವಳು ನನ್ನ ಮುಖ ನೋಡಿದಳು, ಗೋಡೆಗೆ ಮಂಚ ಉಜ್ಜಿ ಉಳಿದ ಗೀರು ನೋಡಿದಳು. ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವಳು ನನ್ನನ್ನು ಕೇಳಿದ್ದು ಅದೇ ಮೊದಲು.

ಭಾವ ಅಂಗಿ ಬಿಚ್ಚಿಟ್ಟು ಕೆಲಸಕ್ಕಿಳಿದರು. ನಾನು ಎಳೆಗಳನ್ನು ತೆಗೆದೆ, ಅವರು ಗಾಜು ಕೆರೆದರು. ಅರ್ಧ ನೀರು ಬದಲಿಸಿದೆವು. ಕೆಲವು ದಿನ ಪೂರ್ತಿ ಕತ್ತಲು ಮಾಡಿದರೆ ಪಾಚಿ ಸೋಲುತ್ತದೆ ಎಂದು ವಿಡಿಯೋದಲ್ಲಿ ನೋಡಿದ್ದೆ, ಹೇಳಿದೆ. "ಮಾಡ್ವ," ಎಂದು ಅಕ್ಕ ಒಂದು ದಪ್ಪ ಕಂಬಳಿ ಹುಡುಕಿ ತಂದು ತೊಟ್ಟಿಗೆ ಹೊದಿಸಿದಳು. ಸಂಜೆಯ ಬಸ್ಸಿಗೆ ಇಬ್ಬರೂ ಹೊರಟರು.

ಕಂಬಳಿ ಹೊದ್ದ ತೊಟ್ಟಿಯ ಜೊತೆ ಕಳೆದ ದಿನಗಳೇ ಕಷ್ಟದವು. ಸಂಜೆ ಬಂದರೆ ನೋಡಲು ಏನೂ ಇರಲಿಲ್ಲ. ಫಿಲ್ಟರಿನ ಗುಳುಗುಳು ಮಾತ್ರ ಕೇಳುತ್ತಿತ್ತು. ಒಂದು ದಿನ ಬಸ್ಸಿನಿಂದ ಧಾರೇಶ್ವರದಲ್ಲೇ ಇಳಿದು, ಹೊತ್ತು ಮುಳುಗುವವರೆಗೆ ಕಡಲ ಬದಿ ಕೂತೆ. ಮನೆಗೆ ತಡವಾಗಿ ಹೋದರೂ ಕೇಳುವವರಿಲ್ಲ ಎಂಬುದು ಅಲ್ಲಿ ಕೂತಾಗ ಇನ್ನೂ ಚೆನ್ನಾಗಿ ಗೊತ್ತಾಯಿತು. ಆ ರಾತ್ರಿ ಅಕ್ಕ ಫೋನು ಮಾಡಿದಳು.

"ಕಂಬಳಿ ತೆಗೆದು ಇಣುಕಿದ್ಯಾ?"

"ಇಲ್ಲ."

"ತೆಗೀಬೇಡ. ಊಟ ಆತಾ?"

"ಆತು," ಅಂದೆ. ಆಗಿರಲಿಲ್ಲ.

ಕಂಬಳಿ ತೆಗೆದಾಗ ಗಿಡಗಳು ಬಿಳಿಚಿಕೊಂಡಿದ್ದವು, ಆದರೆ ಪಾಚಿಯ ಎಳೆಗಳು ಬೂದು ಬಣ್ಣವಾಗಿ ಕೈಗೇ ಬಂದವು. ಭಾವ ಬಸ್ಸಿನವರ ಕೈಯಲ್ಲಿ ಒಂದು ಟೈಮರ್ ಕಳಿಸಿದ್ದರು. ಸಂಜೆ ನಾನು ಬರುವ ಹೊತ್ತಿಗೆ ದೀಪ ಹೊತ್ತಿ, ಮಲಗುವಾಗ ಆರುವ ಹಾಗೆ ಇಟ್ಟೆ. ಕಿಟಕಿಗೆ ದಪ್ಪ ಪರದೆ ಕಟ್ಟಿದೆ. ತಿಂಡಿ ದಿನಕ್ಕೆ ಒಂದೇ ಚಿಟಿಕೆ. ಮೊದಲ ವಾರ ಬೆಳಿಗ್ಗೆ ಕತ್ತಲ ಮನೆಗೆ ಬೀಗ ಹಾಕುವಾಗ ಹಿಂದೆ ತಿರುಗಿ ನೋಡುತ್ತಿದ್ದೆ. ನಿಧಾನಕ್ಕೆ ಅದೂ ಅಭ್ಯಾಸವಾಯಿತು. ಪಾಚಿ ಪೂರ್ತಿ ಹೋಗಲಿಲ್ಲ, ಫಿಲ್ಟರಿನ ಮೂಲೆಯಲ್ಲಿ ಇನ್ನೂ ಇದೆ. ಅಷ್ಟು ಇರಲಿ ಎಂದು ಬಿಟ್ಟಿದ್ದೇನೆ.

ಮಳೆಗಾಲ ಪೂರ್ತಿ ಮುಗಿಯುವ ಹೊತ್ತಿಗೆ ಉದ್ದದ ಗಿಡ ಮೇಲೆ ಬಂದು ನೀರಿನ ಮೇಲೆ ಮಲಗಿತ್ತು. ಕತ್ತರಿಸಿ, ಮರಿಗಿಡಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಭಾನುವಾರ ಭಟ್ಕಳಕ್ಕೆ ಹೋದೆ. ಅಕ್ಕನ ಅಂಗಳದ ತುಂಬ ಚಾಪೆ, ಚಾಪೆಯ ಮೇಲೆ ಮೀನು, ನಾಲ್ಕು ಹೆಂಗಸರು, ಅವರ ನಡುವೆ ಅವಳು. ಜೋರಾಗಿ ನಗುತ್ತಿದ್ದಳು. ಹಾಗೆ ನಗುವುದನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೇ ಇದ್ದೆ.

"ಅಯ್ಯ, ತಮ ಬಂದ! ಅಲ್ಲೆಂತಕ್ಕೆ ನಿಂತಿದ್ದೆ?" ಎಂದು ಕರೆದಳು. ಗಿಡಗಳನ್ನು ಒಂದು ಬಕೆಟಿಗೆ ಹಾಕಿಸಿದಳು, ಊಟ ಬಡಿಸಿದಳು, ಎರಡು ಸಲ ಅನ್ನ ಹಾಕಿದಳು. ನಡುವೆ ಹೊರಗಿನಿಂದ ಯಾರೋ ಕರೆದರೆ ಎದ್ದು ಹೋಗಿ ಬರುತ್ತಿದ್ದಳು. ಇದ್ದು ಹೋಗು ಅಂದಳು. ನಾಳೆ ಕೆಲಸ ಉಂಟು ಅಂದೆ.

"ಹಾಗಾದ್ರೆ ಬಪ್ಪ ವಾರ ಬಾ."

"ಆತು."

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ ಹೋದೆ. ಭಾವ ಗಿಡಗಳನ್ನು ಬಕೆಟಿನಿಂದ ತೆಗೆದು, ಬಾವಿಯ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ನೆಟ್ಟಿದ್ದರು. ಪಾಚಿ ಕಟ್ಟಬಾರದೆಂದು ಮೇಲೆ ಎರಡು ತೆಂಗಿನ ಗರಿ ಅಡ್ಡ ಹಾಕಿ ನೆರಳು ಮಾಡಿದ್ದರು.