ಅಮ್ಮನ ಬೆನ್ನು

ತಂಗಿ ಒಂದು ಹಳೆಯ ಕಂಪನಿ ನಾಟಕವನ್ನು ನೃತ್ಯರೂಪಕ ಮಾಡಲು ಹೊರಟಾಗ ಮಾತು ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಗಂಟೆಯ ನಾಟಕ ಐವತ್ತು ನಿಮಿಷಕ್ಕೆ ಇಳಿಯಬೇಕಿತ್ತು. ಹಾಸ್ಯದ ದೃಶ್ಯಗಳು ಹೋದವು, ಮಂತ್ರಿಯ ಉಪದೇಶ ಹೋಯಿತು. ಕೊನೆಯ ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡೆವು. ಕೊಲೆ ಮಾಡಿದ ಮಗನಿಗೆ ರಾಣಿ ತಾನೇ ಮರಣದಂಡನೆ ವಿಧಿಸುತ್ತಾಳೆ. ಪುಸ್ತಕದಲ್ಲಿ ಅದು ಎರಡು ಪುಟದ ಮಾತು.

"ಅಮ್ಮ ಹೇಗ್ ಮಾಡಿದ್ಲು?" ತಂಗಿ ಕೇಳಿದಳು.

ಆ ನಾಟಕದಲ್ಲಿ ಅಮ್ಮ ರಾಣಿಯಾದದ್ದು ಒಂದೇ ಸಲ, ವಿಜಯನಗರದ ಒಂದು ಸಮುದಾಯ ಭವನದಲ್ಲಿ, ಹವ್ಯಾಸಿ ತಂಡದ ಜೊತೆ. ಅಂದು ಹನ್ನೆರಡು ವರ್ಷದ ತಂಗಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಎಂ.ಎ. ಓದುತ್ತಿದ್ದ ನಾನು ತಂಡದ ಪ್ರಾಂಪ್ಟರ್, ಪುಸ್ತಕ ನೋಡಿ ನಟರಿಗೆ ಮಾತು ನೆನಪಿಸುವವನು. ಫೋಟೊ ಒಂದೂ ಉಳಿದಿಲ್ಲ, ಅಮ್ಮನೂ ಈಗಿಲ್ಲ. ತಾನು ನೋಡದ ಆ ರಾಣಿಯನ್ನು ತಂಗಿ ನನ್ನ ನೆನಪಿನಿಂದ ತೆಗೆದು ಕುಣಿಯಬೇಕಿತ್ತು.

"ಜನಕ್ಕೆ ಬೆನ್ನು ಹಾಕಿ ನಿಂತ್ಲು," ಎಂದೆ. "ಅಷ್ಟೂ ಮಾತು ಹಾಗೇ ಹೇಳಿದ್ಲು."

"ಬೆನ್ನು ಹಾಕಿದ್ರೆ ಅಭಿನಯ ಯಾರಿಗ್ ತೋರಿಸ್ಲಿ, ಗೋಡೆಗಾ?"

"ನೋಡಿದ್ದು ಹೇಳ್ತಿದೀನಿ ಕಣೇ."

"ಆಯ್ತಪ್ಪಾ, ಮೇಷ್ಟ್ರು ಹೇಳಿದ್ಮೇಲೆ ಮುಗೀತು."

ಅನ್ನಪೂರ್ಣೇಶ್ವರಿ ನಗರದಲ್ಲಿ, ಮೊದಲ ಮಹಡಿಯ ಅವಳ ನೃತ್ಯ ತರಗತಿಯಲ್ಲಿ ಮೂರು ವಾರ ಹಾಗೆಯೇ ಅಭ್ಯಾಸ ನಡೆಯಿತು. ಪ್ರದರ್ಶನಕ್ಕೆ ಮೂರು ದಿನವಿದ್ದಾಗ, ಸೈನಿಕನ ಪಾತ್ರದ ಹುಡುಗಿಯೊಬ್ಬಳು, "ಅವತ್ತು ನಿಮ್ಮಮ್ಮ ಬೆನ್ನು ಹಾಕಿದಾಗ ಜನ ಏನ್ ಮಾಡಿದ್ರು ಸಾರ್?" ಎಂದಳು. ಮೊದಲ ಸಾಲಿನ ಅಜ್ಜನೊಬ್ಬರು ಕನ್ನಡಕ ತೆಗೆದು ಶಲ್ಯದಲ್ಲಿ ಕಣ್ಣೊರೆಸಿಕೊಂಡದ್ದನ್ನು ಹೇಳಿದೆ.

ಮನೆಗೆ ಹೊರಟು ಮಾಗಡಿ ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹೊಳೆಯಿತು. ಅಜ್ಜನ ಮುಖ ನನಗೆ ಕಂಡಿದ್ದು ಎಲ್ಲಿಂದ? ಆ ಪುಟ್ಟ ವೇದಿಕೆಗೆ ಪಕ್ಕದಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾನು ಹಿಂದಿನ ಪರದೆಯ ಸೀಳಿನ ಹಿಂದೆ, ಟಾರ್ಚ್ ಹಿಡಿದು ಕೂತಿದ್ದೆ. ಜನರತ್ತ ಮುಖ ಮಾಡಿದವರ ಬೆನ್ನೇ ಅಲ್ಲಿಂದ ಕಾಣುವುದು. ಅಮ್ಮ ಜನಕ್ಕೆ ಬೆನ್ನು ಹಾಕಿಯೇ ಇರಲಿಲ್ಲ. ಸಾಕ್ಷಿ ಎಲ್ಲಿ ನಿಂತಿದ್ದ ಎಂದು ಮೊದಲು ಕೇಳಿ ಎಂದು ಇತಿಹಾಸದ ತರಗತಿಯಲ್ಲಿ ಹೇಳುವವನು ನಾನೇ.

ಸುಮ್ಮನಿರಬಹುದಿತ್ತು. ದೃಶ್ಯ ಚೆನ್ನಾಗಿಯೇ ಬಂದಿತ್ತು. ಮರುದಿನ ಬೆಳಿಗ್ಗೆ ಹೋಗಿ ಹೇಳಿದೆ. ಗೆಜ್ಜೆ ಕಟ್ಟುತ್ತಿದ್ದ ತಂಗಿಯ ಕೈ ನಿಂತಿತು.

"ಅಂದ್ರೆ ಅಮ್ಮನ ಮುಖ ನೀನೂ ನೋಡಿಲ್ಲ."

"ಇಲ್ಲ."

"ಇಷ್ಟು ವರ್ಷ ನೋಡಿದೀನಿ ಅಂತ ಜಂಬ ಕೊಚ್ಚಿಕೊಂಡ್ಯಲ್ಲ ಅಣ್ಣ!"

 ಗೆಜ್ಜೆ ಕಟ್ಟಿ ಮುಗಿಸಿ ಅವಳು ಎದ್ದು ಕನ್ನಡಿಯ ಮುಂದೆ ನಿಂತಳು. "ಬೆನ್ನು ನೋಡಿದೀಯ ತಾನೆ? ಅದು ಹೇಳು. ಮುಖ ನಾನು ಹುಡುಕ್ಕೋತೀನಿ."

ಅಂದು ಅಮ್ಮನ ಎಡ ಹೆಗಲು ಇಳಿದಿತ್ತು. ಸೆರಗಿನ ತುದಿ ಮುಷ್ಟಿಯಲ್ಲಿತ್ತು. ಬಲಗಾಲಿನ ಹಿಮ್ಮಡಿ ನೆಲ ಬಿಟ್ಟಿತ್ತು, ಮಗನ ಕಡೆ ಓಡಲು ಹೊರಟವಳ ಹಾಗೆ. ಶಿಕ್ಷೆಯ ಮಾತು ಮುಗಿದ ಮೇಲೆ ಅದು ಮೆಲ್ಲಗೆ ನೆಲ ಮುಟ್ಟಿತು. ಇದಾದರೂ ನಿಜವೇ ಎಂದು ನನ್ನನ್ನೇ ಕೇಳಿಕೊಂಡೆ. ಇರಬೇಕು. ಪುಸ್ತಕದ ಮೇಲೆ ಬಗ್ಗಿ ಕೂತವನ ಕಣ್ಣಿಗೆ ಹಾಳೆಯ ಅಂಚಿನಾಚೆ ಇದ್ದದ್ದೇ ಆ ಹಿಮ್ಮಡಿ.

ನಾನು ಹೇಳುತ್ತಾ ಹೋದೆ. ಅವಳು ಹೆಗಲು ಇಳಿಸಿದಳು, ಸೆರಗು ಹಿಡಿದಳು, ಹಿಮ್ಮಡಿ ಎತ್ತಿದಳು. ಅದು ಕೆಳಗಿಳಿಯುವಾಗ ಕನ್ನಡಿಯಲ್ಲಿ ಅವಳ ಮುಖ ನಾನು ಎಂದೂ ಕಾಣದ ಹಾಗೆ ಗಟ್ಟಿಯಾಯಿತು.

"ಅಮ್ಮ ಹೀಗಿದ್ಲಾ?"

"ಗೊತ್ತಿಲ್ಲ ಕಣೇ. ಹಿಂದಿನಿಂದ ಮಾತ್ರ ಹೌದು."

ಅವಳು ಕಣ್ಣೊರೆಸಿಕೊಂಡು ಹುಡುಗಿಯರನ್ನು ಕರೆದಳು. "ಎಲ್ಲರೂ ಜಾಗ ಬದಲಾಯಿಸ್ರೇ. ರಾಣಿ ಜನರ ಕಡೆ ನಿಲ್ತಾಳೆ."

ಭಾನುವಾರ ನಾನು ಮೊದಲ ಸಾಲಿನಲ್ಲಿ ಕೂತೆ. ರಾಣಿಯ ಮುಖ ನೋಡಿದೆ. ಹಿಮ್ಮಡಿ ಅಲ್ಲಿಂದ ಕಾಣಲಿಲ್ಲ.