ಅಬ್ಬಿಗೆರೆಗೆ ಬಂದ ನಾಲ್ಕನೇ ನಂಬರಿನ ಹೈವೇ

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ, ನಾನಿನ್ನೂ ಹಲ್ಲುಜ್ಜಿರಲಿಲ್ಲ, ಅಬ್ಬಿಗೆರೆಯಿಂದ ಅಕ್ಕನ ಫೋನು ಬಂತು. "ನಂಜ, ನಮ್ಮನೆ ಮುಂದ್ಕೆ ಐವೇ ಬಂದದೆ. ಬೇಗ ಬಾ," ಎಂದಳು. ಬೀಗರು ಬಂದಿದ್ದಾರೆ, ಎಲೆ ಹಾಕಬೇಕು ಎನ್ನುವ ಧಾಟಿಯಲ್ಲೇ ಹೇಳಿದಳು. ಆದರೆ ಕೊನೆಗೆ ದನಿ ಸ್ವಲ್ಪ ನಡುಗಿತು. ಅಕ್ಕನ ದನಿ ನಡುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿದ ನೆನಪಿಲ್ಲ.

ನಾನು ಆರ್.ಟಿ. ನಗರದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಹೇಳುವವನು. ನಮ್ಮ ವಂಶದಲ್ಲಿ ನಕಾಶೆಯನ್ನು ತಲೆಕೆಳಗಾಗದಂತೆ ಹಿಡಿಯಬಲ್ಲವನು ನಾನೊಬ್ಬನೇ ಎಂಬ ಕಾರಣಕ್ಕೆ ಸೈಟು, ಚರಂಡಿ, ಗ್ರಹಣ, ಭೂಕಂಪ ಎಲ್ಲಕ್ಕೂ ನನಗೇ ಬುಲಾವು. ಆದ್ದರಿಂದ ಕೊಡೆ, ಕನ್ನಡಕ, ನಗರದ ನಕಾಶೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಕಾಶಿಗೆ ಹೋಗುವವರೂ ಇಷ್ಟು ಗಂಭೀರವಾಗಿ ಹೊರಡುವುದಿಲ್ಲ ಎಂದು ನನ್ನ ಹೆಂಡತಿ ಗೇಟು ಹಾಕಿಕೊಂಡಳು.

ಮೇಖ್ರಿ ಸರ್ಕಲ್ ಹಾದು ಯಶವಂತಪುರಕ್ಕೆ ಬಸ್ಸು. ಟಿಕೆಟ್ಟು ಹನ್ನೆರಡು ರೂಪಾಯಿ. ಅಲ್ಲಿ ಅಬ್ಬಿಗೆರೆ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗೊರಗುಂಟೆಪಾಳ್ಯ ದಾಟುವಾಗ ತುಮಕೂರು ರಸ್ತೆಯ ಮೇಲೆ ಎರಡು ಹಲಗೆಗಳು ಕಂಡವು. ಒಂದರಲ್ಲಿ ರಾಷ್ಟ್ರೀಯ ಹೆದ್ದಾರಿ ನಾಲ್ಕು, ಕೂಗಳತೆಯಲ್ಲಿದ್ದ ಇನ್ನೊಂದರಲ್ಲಿ ನಲವತ್ತೆಂಟು. ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟು ಕೆಲವು ವರ್ಷಗಳಾಗಿದ್ದರೂ ಹಳೆಯ ಹಲಗೆಗಳನ್ನು ಇಳಿಸಲು ಯಾರಿಗೂ ಪುರಸೊತ್ತಾಗಿರಲಿಲ್ಲ. ರಸ್ತೆ ಮಾತ್ರ ಎರಡೂ ಹೆಸರಿಗೆ ಓಗೊಡುತ್ತ ಮಲಗಿತ್ತು. ಬೇರೆ ದಿನವಾಗಿದ್ದರೆ ಇದು ಪಾಠಕ್ಕೊಂದು ಒಳ್ಳೆಯ ತಮಾಷೆಯಾಗುತ್ತಿತ್ತು. ಅಂದು ಬೇರೆಯದೇ ಪ್ರಶ್ನೆ ಎದ್ದಿತು. ಹಲಗೆ ನೆಡುವವರಿಗೇ ಯಾವ ರಸ್ತೆ ಯಾವುದೆಂದು ನಿಶ್ಚಯವಿಲ್ಲದಿದ್ದರೆ ಅಕ್ಕನ ಮನೆಯನ್ನು ಉಳಿಸುವವರು ಯಾರು?

ಅಕ್ಕನ ಮನೆ ಎಂದರೆ ಹಿಂದೆ ಮನೆ, ಮುಂದೆ ಹಿಟ್ಟಿನ ಗಿರಣಿ. ಅಬ್ಬಿಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರ ರಾಗಿ ಹಿಟ್ಟಾಗುವುದು ಆ ಗಿರಣಿಯಲ್ಲೇ. ನಾನು ಹೋದಾಗ ಗಿರಣಿ ನಿಂತಿತ್ತು. ಭಾವ ಚಿಕ್ಕಣ್ಣ ಹೊಸ್ತಿಲ ಮೇಲೆ ಕೂತು ಎದುರಿನ ಕಂಬವನ್ನು ನೋಡುತ್ತಿದ್ದರು. ಕಂಬದ ಮೇಲೆ ಗುರಾಣಿಯ ಆಕಾರದ ಹೊಚ್ಚ ಹೊಸ ಹಲಗೆ, ಅದರಲ್ಲಿ ಎನ್.ಎಚ್., ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕು. ಎರಡು ಲಾರಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದ ರಸ್ತೆ ಅದು.

"ಯಾವಾಗ ನೆಟ್ಟರು ಭಾವ?"

"ಓದ್ ವಾರ. ರಾತ್ರಿ ಗಾಳಿ ಮಳೆ ಬಂತಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ನಿಂತದೆ. ನಾಕನೇ ನಂಬರ್ ಅಂದ್ರೆ ತುಮಕೂರ್ ರೋಡು ಕಣೋ. ಅದು ಇಲ್ಲಿಗ್ ಬಂದ್ರೆ ನಡು ರೋಡಿಂದ ಎರಡೂ ಕಡೆ ಅಳೀತಾರೆ. ಗಿರಣಿ ಓಯ್ತದೆ, ನಡುಮನೆನೂ ಓಯ್ತದೆ. ಉಳಿಯೋದು ಬಚ್ಚಲು."

ಅಕ್ಕ ಕಾಫಿ ತಂದಳು. "ಆ ಬ್ರೋಕರ್ ರುದ್ರೇಶ ದಿನಾ ಬತ್ತಾವ್ನೆ. ಮಾರ್ಕಿಂಗ್ ಆಗೋಕ್ ಮುಂಚೆ ಮಾರ್ಬುಡಿ, ಆಮೇಲೆ ನಾಯಿನೂ ಮೂಸಲ್ಲ ಅಂತಾನೆ. ನಿಮ್ಮ ಭಾವ ಇವತ್ತು ಸಾಯಂಕಾಲ ಮಾತ್ ಕೊಡ್ತೀನಿ ಅಂದವ್ರೆ. ಕಲ್ಲಿಗೆ ಉಳಿ ಹೊಡ್ಯೋನು ಬಂದಿದ್ದ, ಅವನ್ನೂ ವಾಪಸ್ ಕಳ್ಸಿದ್ರು." ಗಿರಣಿಕಲ್ಲು ಸವೆದಾಗ ಉಳಿಯಿಂದ ಕಚ್ಚು ಹಾಕಿಸದಿದ್ದರೆ ಹಿಟ್ಟು ನುಣ್ಣಗಾಗುವುದಿಲ್ಲ. ಅದನ್ನೇ ಬೇಡವೆಂದರೆ ಭಾವನ ಮನಸ್ಸಿನಲ್ಲಿ ಗಿರಣಿ ಆಗಲೇ ಮುಗಿದಿತ್ತೆಂದು ಅರ್ಥ.

ಪಕ್ಕದ ಮನೆಯ ಮುನಿರಾಜಣ್ಣ ಕೈಕಟ್ಟಿ ಕೂತಿರಲಿಲ್ಲ. ರಸ್ತೆ ಅಗಲವಾಗುತ್ತದೆಂಬ ಸುದ್ದಿ ಬಂದರೆ ಮನೆಯೆದುರು ದೇವರನ್ನು ಕೂರಿಸುವುದು ನಮ್ಮ ಕಡೆ ಬಹಳ ದಿನದಿಂದ ನಡೆದುಬಂದ ಉಪಾಯ. ಜೆಸಿಬಿಯವನು ಮನೆ ಕೆಡವಲು ಹೆದರುವುದಿಲ್ಲ, ಮುನೇಶ್ವರನೆಂದರೆ ಹಿಂದೆಮುಂದೆ ನೋಡುತ್ತಾನೆ. ಮುನಿರಾಜಣ್ಣ ಕಾಂಪೌಂಡಿಗೆ ಒತ್ತಿ ಮೂರು ಕಲ್ಲು ನೆಟ್ಟು, ಅರಿಸಿನ ಕುಂಕುಮ ಬಳಿದು, ಮೇಲೊಂದು ತಗಡು ಹೊದಿಸಿ, ನಾಲ್ಕೇ ದಿನದಲ್ಲಿ ಮೊಳಕಾಲೆತ್ತರದ ಗುಡಿ ಎಬ್ಬಿಸಿದ್ದರು. "ಇನ್ಯಾವನ್ ಬತ್ತಾನೋ ಬರ್ಲಿ ಮೇಷ್ಟ್ರೇ," ಎಂದು ನನಗೂ ತೀರ್ಥ ಕೊಟ್ಟರು.

ನಾನು ಕಂಬವನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದೆ. ಗುರಾಣಿಯ ಕೆಳಗೆ ಕಂಬಕ್ಕೆ ಇನ್ನೊಂದು ಕಬ್ಬಿಣದ ಪಟ್ಟಿ ಬಿಗಿದಿತ್ತು. ಪಟ್ಟಿಯಲ್ಲಿ ತೂತುಗಳಿದ್ದವು, ತೂತಿನಲ್ಲಿ ಏನೂ ಇರಲಿಲ್ಲ. ಆಗ ಅದಕ್ಕೆ ಬೆಲೆ ಕೊಡದೆ ನನ್ನ ಸಿದ್ಧಾಂತವನ್ನು ಮಂಡಿಸಿದೆ: "ಭಾವ, ಹೈವೇ ಅನ್ನೋದು ಒಂದೇ ಕಂಬದಲ್ಲಿ ಇರೋಕಾಗಲ್ಲ. ಎಲ್ಲಿಂದಲೋ ಬರಬೇಕು, ಎಲ್ಲಿಗೋ ಹೋಗಬೇಕು. ದಾರಿಯಲ್ಲಿ ಇನ್ನೊಂದು ಬೋರ್ಡು ಸಿಗದಿದ್ದರೆ ಇದು ಯಾರೋ ತಪ್ಪಿ ನೆಟ್ಟಿದ್ದು. ಬನ್ನಿ, ನೋಡಿಬರೋಣ."

"ಸಿಕ್ರೆ?" ಎಂದರು ಭಾವ. ಆ ಭಾಗವನ್ನು ನಾನು ಯೋಚಿಸಿರಲಿಲ್ಲ.

ಭಾವನ ಮೊಪೆಡ್ಡಿನಲ್ಲಿ ಮೊದಲು ಪಶ್ಚಿಮಕ್ಕೆ ಹೊರಟೆವು. ರಾಗಿ ಮೂಟೆ ಹೊತ್ತು ಅಭ್ಯಾಸವಿದ್ದ ಗಾಡಿ ನನ್ನನ್ನೂ ಒಂದು ಮೂಟೆಯೆಂದೇ ಭಾವಿಸಿ ಸಾಗಿತು. ಚಿಕ್ಕಬಾಣಾವರದಲ್ಲಿ ರೈಲ್ವೆ ಗೇಟು ಹಾಕಿತ್ತು. ಕಾಯುತ್ತ ನಿಂತಷ್ಟು ಹೊತ್ತೂ ಇಬ್ಬರೂ ಪ್ರತಿ ಕಂಬವನ್ನೂ ನೋಡಿದೆವು. ಪಿ.ಜಿ. ಹಾಸ್ಟೆಲ್ಲು, ಮೂಲವ್ಯಾಧಿ, ಟ್ಯೂಷನ್ನು ಎಲ್ಲದರ ಜಾಹೀರಾತಿತ್ತು, ಹೆದ್ದಾರಿ ಇರಲಿಲ್ಲ. ಭಾವ ಮೊದಲ ಬಾರಿಗೆ ಎಲೆಯಡಿಕೆ ಚೀಲ ಬಿಚ್ಚಿದರು.

ಸೋಲದೇವನಹಳ್ಳಿ ತಿರುವಿನಲ್ಲಿ ಮತ್ತೆ ಬಿಚ್ಚಿದ ಚೀಲವನ್ನು ಎಲೆ ಬಾಯಿಗಿಡದೆ ಕಟ್ಟಿದರು. ಟೀ ಅಂಗಡಿಯ ಪಕ್ಕದಲ್ಲಿ ಅದೇ ಗುರಾಣಿ, ಅದೇ ನಾಲ್ಕು, ಸ್ವಲ್ಪ ವಾಲಿ ನಿಂತಿತ್ತು. ಕಾಲೇಜಿನ ಹುಡುಗರಿಬ್ಬರು ಬೈಕನ್ನು ಅದಕ್ಕೇ ಒರಗಿಸಿ ಬನ್ನು ತಿನ್ನುತ್ತಿದ್ದರು.

"ಇದು ಯಾವಾಗಿಂದ ಇದೆಯಪ್ಪಾ?" ಎಂದು ಕೇಳಿದೆ.

"ಮೊನ್ನೆಮೊನ್ನೆ ಅಂಕಲ್. ಈಗ ರೂಮಿಗೆ ಲೊಕೇಶನ್ ಹೇಳೋದು ಈಸಿ. ಎನ್.ಎಚ್. ಫೋರ್ ಹತ್ರ ಅಂತೀವಿ."

ಇನ್ನೊಬ್ಬ ನಕ್ಕ. "ಓನರ್ ಅದನ್ನ್ ಕೇಳಿ ಬಾಡಿಗೆ ಏರಿಸ್ತಾನೆ ನೋಡ್ತಿರು ಮಗಾ."

ಭಾವ ನಗಲಿಲ್ಲ. "ಎಲ್ಲಿಗೋ ಓಗ್ಬೇಕು ಅಂದ್ಯಲ್ಲ, ಇಲ್ಲಿಗ್ ಓಯ್ತದೆ. ಎಲ್ಲಿಂದ ಬತ್ತದೆ ಅಂತನೂ ನೋಡ್ಬುಡಣ ನಡಿ," ಎಂದರು. ನನ್ನ ಸಿದ್ಧಾಂತ ನನ್ನ ಮೇಲೇ ಬಿದ್ದಿತ್ತು. ಮತ್ತೆ ಗಾಡಿಯ ಹಿಂದೆ ಕೂತೆ.

ಬಂದ ದಾರಿಯಲ್ಲೇ ಹಿಂದಿರುಗಿ, ಗಿರಣಿಯ ಮುಂದೆ ನಿಲ್ಲಿಸದೆ, ಗಂಗಮ್ಮನ ಗುಡಿ ಹಾದು ಯಲಹಂಕದ ಕಡೆ ಹೋದೆವು. ಎಂ.ಎಸ್. ಪಾಳ್ಯ ದಾಟಿದ ಮೇಲೆ ಒಳರಸ್ತೆಯೊಂದರಲ್ಲಿ ಇನ್ನೂ ವಿಚಿತ್ರವಾದದ್ದು ಕಂಡಿತು. ಗುರಾಣಿ ಅದೇ, ಸಂಖ್ಯೆ ಮಾತ್ರ ಏಳು. ಕಂಬಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. ರಾಷ್ಟ್ರೀಯ ಹೆದ್ದಾರಿಯನ್ನು ಒಂದೇ ಎಮ್ಮೆ ಪೂರ್ತಿ ಅಡ್ಡಗಟ್ಟಿ ಮೆಲುಕು ಹಾಕುತ್ತಿತ್ತು.

"ಏಳು ಅಂದ್ರೆ?"

"ಬಳ್ಳಾರಿ ರಸ್ತೆ."

ಭಾವ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟರು. "ಅಂಗಾರೆ ಎಲ್ಡು ಐವೇ. ಎಲ್ಡೂ ಬಂದು ನನ್ ಗಿರಣಿ ತಾವೇ ಸೇರ್ತವೆ. ಫ್ಲೈಓವರ್ರೇ ಕಟ್ತಾರೆ ಬುಡು." ಜೇಬಿನಿಂದ ಫೋನು ತೆಗೆದರು. ರುದ್ರೇಶನಿಗೆ ಈಗಲೇ ಒಪ್ಪಿಗೆ ಹೇಳಿಬಿಡುತ್ತಾರೆಂದು ನನಗೆ ಗಾಬರಿಯಾಯಿತು. "ಸಾಯಂಕಾಲದವರೆಗೆ ತಡೆಯಿರಿ ಭಾವ. ಊಟವಾದರೂ ಮಾಡೋಣ," ಎಂದು ಯಲಹಂಕಕ್ಕೆ ಹೊರಡಿಸಿದೆ.

ಯಲಹಂಕದಲ್ಲಿ ಮುದ್ದೆ, ಸೊಪ್ಪಿನ ಸಾರು. ಭಾವ ಮುದ್ದೆ ಮುರಿದು ಬೆರಳಲ್ಲಿ ಉಜ್ಜಿ, "ತರಿ ಅದೆ. ಕಲ್ಲು ಸವೆದದೆ ಇವರ್ದೂ," ಎಂದರು. ಬೆಳಗಿನಿಂದ ಅವರು ಹೈವೇ ಬಿಟ್ಟು ಆಡಿದ ಮೊದಲ ಮಾತು ಅದು.

ಬಳ್ಳಾರಿ ರಸ್ತೆಗೆ ಬಂದಾಗ ಪಕ್ಕದ ಮೈಲಿಗಲ್ಲು ಏಳು ಎಂದಿತು, ತಲೆಯ ಮೇಲಿನ ಹಸಿರು ಹಲಗೆ ನಲವತ್ತನಾಲ್ಕು ಎಂದಿತು. ಹಳೆಯ ಏಳೇ ಈಗಿನ ನಲವತ್ತನಾಲ್ಕು ಎಂದು ವಿವರಿಸಿದೆ. ಭಾವ ಎರಡನ್ನೂ ಮತ್ತೊಮ್ಮೆ ನೋಡಿ, "ಅಂಗಾರೆ ನಮ್ಮನೆ ಮುಂದ್ಲದ್ದು ಅಳೇ ನಂಬ್ರು. ಮೊದ್ಲೇ ಪ್ಲಾನ್ ಆಗದೆ," ಎಂದರು. ನಾನು ಬಿಡಿಸಿ ಹೇಳಿದ್ದೆಲ್ಲ ಅವರಿಗೆ ಇನ್ನೊಂದು ಗಂಟಾಗುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಾಗ ಫೋನು ಬಂತು. ರುದ್ರೇಶ. ಐದೂವರೆಗೆ ಬರುತ್ತಾನಂತೆ. ಭಾವ "ಬಾ" ಎಂದು ಇಟ್ಟರು.

ಹೆಬ್ಬಾಳದಿಂದ ರಿಂಗ್ ರೋಡಿನಲ್ಲಿ ಮನೆಯ ದಿಕ್ಕಿಗೆ ತಿರುಗಿದ ಸ್ವಲ್ಪ ಹೊತ್ತಿಗೆ, ಬಲಗಡೆಯ ಒಳರಸ್ತೆಯ ಬಾಯಲ್ಲಿ ನಾಲ್ಕನೇ ನಂಬರಿನ ಗುರಾಣಿ ಮತ್ತೆ ಕಂಡಿತು. ಭಾವ ಮುಖ ತಿರುಗಿಸಿದರು. ನಾನು ಅವರ ಭುಜ ಹಿಡಿದು ಗಾಡಿ ನಿಲ್ಲಿಸಿದೆ. ಈ ಕಂಬದಲ್ಲಿ ಗುರಾಣಿಯ ಕೆಳಗೆ, ಅದೇ ಥರದ ಕಬ್ಬಿಣದ ಪಟ್ಟಿಗೆ, ಹಳದಿ ತಗಡೊಂದು ಬಿಗಿದಿತ್ತು. ಅದರ ಮೇಲೆ ಬಾಣದ ಗುರುತು, 'ಬದಲಿ ಮಾರ್ಗ' ಎಂಬ ಎರಡು ಪದ.

ಪಕ್ಕದ ಬೀಡಾ ಅಂಗಡಿಯವನನ್ನು ಕೇಳಿದೆ. "ತುಮಕೂರು ರೋಡ್ ಅಗೀತೀವಿ, ಲಾರಿ ಎಲ್ಲ ಇಂಗೇ ಬಿಡ್ತೀವಿ ಅಂತ ಹಾಕೋದ್ರು ಸಾರ್. ಅಗೀಲೂ ಇಲ್ಲ, ಬಿಡ್ಲೂ ಇಲ್ಲ. ಇದನ್ನ್ ಕಿತ್ಕೊಂಡೂ ಹೋಗ್ಲಿಲ್ಲ," ಎಂದ.

ಎಲ್ಲವೂ ಸರಿಹೋಯಿತು. ಹೆದ್ದಾರಿ ಅಬ್ಬಿಗೆರೆಗೆ ಬಂದಿರಲಿಲ್ಲ. ಹೆದ್ದಾರಿಯ ಲಾರಿಗಳನ್ನು ನಾಲ್ಕು ದಿನ ಅತ್ತ ಕಳಿಸುವ ಯೋಚನೆಯಿತ್ತು, ಅಷ್ಟೆ. ತುಮಕೂರಿನ ಕಡೆ ಹೋಗುವವರಿಗೆ ನಾಲ್ಕು, ಬಳ್ಳಾರಿ ರಸ್ತೆಯ ಕಡೆ ಬರುವವರಿಗೆ ಏಳು, ಲಾರಿಯವರಿಗೆ ಗೊತ್ತಿದ್ದ ಹಳೆಯ ಸಂಖ್ಯೆಗಳಲ್ಲೇ. ನಮ್ಮ ಕಂಬದ ಪಟ್ಟಿಯಲ್ಲೂ ಹಳದಿ ತಗಡು ಇದ್ದಿರಬೇಕು, ಆ ರಾತ್ರಿಯ ಗಾಳಿಗೆ ಬಿದ್ದಿರಬೇಕು. ಇದನ್ನೆಲ್ಲ ಭಾವನಿಗೆ ಹೇಳಿದೆ.

"ಇರ್ಬೇಕು, ಬಿದ್ದಿರ್ಬೇಕು," ಎಂದರು ಭಾವ. "ಸೋಲದೇವನಹಳ್ಳೀಲೂ ತಗಡಿಲ್ಲ. ನಮ್ಮನೆ ಮುಂದ್ಲೂ ಇಲ್ಲ. ಇರ್ಬೇಕು ಅಂತ ನೆಚ್ಕೊಂಡು ಕೂತ್ರೆ, ನಾಳೆ ಜೆಸಿಬಿ ಬಂದಾಗ ನಿನ್ನ ಅಡ್ಡ ಮಲಗ್ಸನೇನು? ನಮ್ ಕಂಬದ್ದು ತೋರ್ಸು, ನಂಬ್ತೀನಿ."

ಬಿ.ಇ.ಎಲ್. ಸರ್ಕಲ್ಲಿನಲ್ಲಿ ಸಿಗ್ನಲ್ ಕೆಟ್ಟಿತ್ತು. ಜಾಲಹಳ್ಳಿಯ ತನಕ ಗಾಡಿ ತೆವಳಿತು. ಮನೆ ಮುಟ್ಟಿದಾಗ ರುದ್ರೇಶ ಬಿಳಿ ಷರಟಿನಲ್ಲಿ ಗಿರಣಿಯೊಳಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅಕ್ಕ ಹಿಟ್ಟಿನ ಡಬ್ಬಗಳನ್ನು ಒರೆಸುವವಳಂತೆ ಅವನಿಗೆ ಬೆನ್ನು ಹಾಕಿ ನಿಂತಿದ್ದಳು.

"ಏನ್ ಯಜಮಾನ್ರೇ, ಊರೆಲ್ಲ ಸುತ್ತಿ ನೋಡ್ಕೊಂಡ್ ಬಂದ್ರಂತೆ. ನಾನ್ ಹೇಳಿದ್ದು ಸುಳ್ಳಾ?" ಎಂದ.

ಭಾವ ಒಳಗೆ ಹೋಗಿ ಅವನೆದುರು ಕೂತರು. ನಾನು ಪಂಚೆ ಎತ್ತಿ ಕಟ್ಟಿ ಕಂಬದ ಬುಡದ ಮೋರಿಗೆ ಇಳಿದೆ. ಕೊಡೆಯ ತುದಿಯಿಂದ ಕಸ ಕೆದಕಿದೆ. ಪ್ಲಾಸ್ಟಿಕ್ ಕವರು, ಒಂಟಿ ಚಪ್ಪಲಿ, ಬೂದುಗುಂಬಳದ ಅರ್ಧ. ತಗಡಿಲ್ಲ. ಬೆಳಕು ಇಳಿಯುತ್ತಿತ್ತು. ಗಿರಣಿಯೊಳಗಿಂದ ರುದ್ರೇಶನ ದನಿ ಮೃದುವಾಗಿ, ಎಡೆಬಿಡದೆ ಕೇಳುತ್ತಿತ್ತು.

ಮುನಿರಾಜಣ್ಣ ಗುಡಿಗೆ ದೀಪ ಹಚ್ಚಲು ಬಂದರು. "ಏನ್ ಉಡುಕ್ತಿದೀರಾ ಮೇಷ್ಟ್ರೇ ಮೋರಿಯಾಗೆ?"

"ಒಂದು ಹಳದಿ ತಗಡು. ಇಷ್ಟಗಲ. ಮೇಲೆ ಏನಾದರೂ ಬರೆದಿರಬೇಕು."

ಮುನಿರಾಜಣ್ಣ ದೀಪ ಹಿಡಿದವರು ಹಾಗೆಯೇ ನಿಂತರು. ಆಮೇಲೆ ನಿಧಾನವಾಗಿ ಮುನೇಶ್ವರನ ತಲೆಯ ಕಡೆ ನೋಡಿದರು.

ನಾನು ಕೆಸರುಗಾಲಲ್ಲೇ ಮಂಡಿಯೂರಿ, ಅವರ ಕೈಯ ದೀಪ ಇಸಿದುಕೊಂಡು, ಗುಡಿಯೊಳಗೆ ತಲೆ ಹಾಕಿ ಮೇಲೆ ನೋಡಿದೆ. ಮಾಡಿನ ಒಳಮೈ ಹಳದಿ. ಬಾಣ. ಬದಲಿ ಮಾರ್ಗ.

ಭಾವನನ್ನು ಕರೆದೆ. ಅವರೂ ಬಗ್ಗಿ, ಬೆರಳಿಟ್ಟು ಓದಿದರು. ತಗಡಿನ ತೂತುಗಳನ್ನು ಸವರಿ, ಎದ್ದು ಹೋಗಿ ಕಂಬದ ಪಟ್ಟಿಯ ತೂತುಗಳಿಗೆ ಗೇಣು ಹಾಕಿ ನೋಡಿದರು. ಆಮೇಲೆ ಮುನಿರಾಜಣ್ಣನ ಕಡೆ ತಿರುಗಿದರು. "ನೀನು ಇದನ್ನ ಓದಿದ್ಯಾ?"

"ಓದಿದ್ದೆ ಕಣಣ್ಣ. ಅವತ್ತು ಬೆಳಿಗ್ಗೆ ಮೋರಿ ತಾವ ಬಿದ್ದಿತ್ತು. ಐವೇ ಅಂತ ಬರ್ದಿದ್ರೆ ಮುಟ್ತಿರ್ಲಿಲ್ಲ. ಬದಲಿ ಮಾರ್ಗ ಅಂತಿತ್ತು. ಯಾವನ್ದೋ ಇರ್ಬೇಕು, ಒಳ್ಳೆ ತಗಡು ಅಂತ ಎತ್ಕಂಡೆ. ಬರವಣಿಗೆ ಮೇಲಿದ್ರೆ ದೇವ್ರಿಗೆ ಲಕ್ಷಣ ಇರಲ್ಲ ಅಂತ ಒಳಗ್ ಮಾಡಿ ಮೊಳೆ ಒಡ್ದೆ."

ಹೆದ್ದಾರಿಯನ್ನು ತಡೆಯಲೆಂದು ಕಟ್ಟಿದ ಗುಡಿ. ಹೆದ್ದಾರಿಯೇ ಇಲ್ಲವೆಂದು ಹೇಳಬಹುದಾಗಿದ್ದ ತಗಡು ಅದರ ಮಾಡು. ಅಕ್ಕ ಬಾಗಿಲಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ, "ಕುರ್ಚಿ ಬೇಕಾಯ್ತದೆ ಏಳಪ್ಪ. ರಾಗಿ ಅದೆ ಬೀಸಾಕೆ," ಎಂದಳು. ರುದ್ರೇಶ ಎದ್ದು ಗುಡಿಯ ತನಕ ಬಂದು, ಬಗ್ಗಿ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು, ಬೈಕು ಹತ್ತಿದ.

ತಗಡನ್ನು ಬಿಚ್ಚಿ ಮತ್ತೆ ಕಂಬಕ್ಕೆ ಹಾಕೋಣವೆಂದು ನಾನು ಸೂಚಿಸಿದೆ. ಮುನಿರಾಜಣ್ಣ ಗಾಬರಿಯಾದರು. "ಎಲ್ಲಾನ ಉಂಟಾ ಮೇಷ್ಟ್ರೇ. ದೇವ್ರ ಮೇಲಿನ್ ಮಾಡು ತೆಗೆದ್ರೆ ಸುಮ್ನೆ ಬುಡ್ತಾನಾ?" ಭಾವನೂ ತಲೆಯಾಡಿಸಿದರು. ಹೈವೇಗಿಂತ ಮುನೇಶ್ವರ ಹತ್ತಿರದವನು. ಅಷ್ಟರಲ್ಲಿ ಒಳಗೆ ಗಿರಣಿಯ ಬೆಲ್ಟು ತಿರುಗಿ, ಹೊಸ್ತಿಲು ಅದುರತೊಡಗಿತು. ಆ ಸದ್ದಿನಲ್ಲೇ ಭಾವ ಉಳಿ ಹೊಡೆಯುವವನಿಗೆ ಫೋನು ಮಾಡಿ, "ನಾಳೆ ಬಾರಯ್ಯ, ಓಗು ಅಂದಿದ್ದು ಮನಸ್ಸಲ್ಲಿಟ್ಕೋಬೇಡ," ಎಂದು ಕೂಗುತ್ತಿದ್ದರು.

ಅಕ್ಕ ಕಟ್ಟಿಕೊಟ್ಟ ರಾಗಿಹಿಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಡೆಯ ಸಾಲಿನಲ್ಲಿ ಕೂತೆ. ಬಸ್ಸು ಹೊರಟಾಗ ಎದುರಿನಿಂದ ಬಂದ ಲಾರಿಯೊಂದು ಕಂಬದ ಮುಂದೆ ನಿಧಾನ ಮಾಡಿತು. ಕ್ಲೀನರು ಕತ್ತು ಹೊರಗೆ ಹಾಕಿ ಗುರಾಣಿಯನ್ನು ನೋಡಿದ, ಆ ಓಣಿಯಂಥ ರಸ್ತೆಯನ್ನು ನೋಡಿದ, ಮತ್ತೆ ಗುರಾಣಿಯನ್ನು ನೋಡಿದ. ಪಕ್ಕದ ಗುಡಿಯಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಅವನಿಗೆ ಬೇಕಾಗಿದ್ದ ಎರಡು ಪದಗಳು ಆ ಬೆಳಕಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತಿದ್ದಿರಬೇಕು, ಮುನೇಶ್ವರನಿಗೆ.