ಇರೋ ಬೆಳಕು

ಮೇಷ್ಟ್ರ ಎಡಗೈಯ ಹಿಂಭಾಗದಲ್ಲಿ ಎಂಟಾಣೆ ಅಗಲದ ಸುಟ್ಟ ಕಲೆ. ಹಳೆ ಕಾಲದ ಹ್ಯಾಲೋಜನ್ ಲೈಟು ಕೊಟ್ಟ ಗುರುತು. ಯಾರ ಮನೆಗೆ ಹೋದರೂ ಅವರು ಮೊದಲು ಆ ಕೈಯನ್ನು ಮುಖದೆದುರು ಹಿಡಿದು, ನಿಧಾನವಾಗಿ ತಿರುಗಿಸುತ್ತ ಪಡಸಾಲೆಯಿಂದ ಅಡುಗೆಮನೆವರೆಗೆ ನಡೆಯುತ್ತಿದ್ದರು. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಲ್ಲಿ ಮೆತ್ತಗಾಗುತ್ತದೆ ಎಂದು ನೋಡುವ ಕ್ರಮ ಅದು. ಗೊತ್ತಿಲ್ಲದ ಮನೆಯ ಹೆಂಗಸರು ವಾಚು ನೋಡುತ್ತಿದ್ದಾರೆ ಅಂದುಕೊಂಡು, "ಅಷ್ಟ್ ಅರ್ಜೆಂಟಾ ಸಾರ್? ಕಾಫಿ ಕುಡ್ಕೊಂಡ್ ಹೋಗಿ" ಎನ್ನುತ್ತಿದ್ದರು. ಅವರು ವಾಚು ಕಟ್ಟುತ್ತಲೇ ಇರಲಿಲ್ಲ.

ಗುಬ್ಬಿಯಲ್ಲಿ ಅವರದೊಂದು ಸ್ಟುಡಿಯೋ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸಿಕ್ಕವರನ್ನೆಲ್ಲ ತಿದ್ದುತ್ತಿದ್ದುದರಿಂದ ಊರು ಅವರನ್ನು ಸ್ಟುಡಿಯೋ ಮೇಷ್ಟ್ರು ಮಾಡಿತ್ತು. ಮದುವೆ ವಿಡಿಯೋ ಕೆಲಸ ಕಲಿಯಲು ನಾನು ತುಮಕೂರಿನಿಂದ ಎರಡು ವರ್ಷ ಬಸ್ಸಿನಲ್ಲಿ ಓಡಾಡಿದೆ. ಶಹಬ್ಬಾಸ್ ಎಂಬುದು ಒಂದು ದಿನವೂ ಸಿಗಲಿಲ್ಲ. "ಇರೋ ಬೆಳಕು ನೋಡ್ದೆ ಇಲ್ದಿರೋ ಬೆಳಕು ಹುಡುಕ್ತೀಯಲ್ಲಮ್ಮ" ಎಂಬುದು ಅವರ ಖಾಯಂ ಬೈಗುಳ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಹಟಕ್ಕೆ ಬಿದ್ದು ಎರಡು ಎಲ್‌ಇಡಿ ಲೈಟು ಬಾಡಿಗೆಗೆ ತಂದು, ಸಿ.ಎಸ್. ಪುರದ ಅಜ್ಜಿಯ ಮನೆಗೆ ಹೋದೆ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವಳು ಹೇಗಿದ್ದಳೆಂದೇ ನನಗೆ ನೆನಪಿಲ್ಲ. ಅಮ್ಮನ ಬಾಲ್ಯ ಗೊತ್ತಿದ್ದವಳು ಅಜ್ಜಿ ಒಬ್ಬಳೇ, ಅವಳಿಗೂ ಮರೆವು ಶುರುವಾಗಿತ್ತು. ಉಳಿದಿದ್ದಷ್ಟನ್ನಾದರೂ ಕ್ಯಾಮೆರಾದಲ್ಲಿ ಹಿಡಿದಿಟ್ಟುಕೊಳ್ಳಬೇಕಿತ್ತು. ಮೇಷ್ಟ್ರು ಕರೆಯದೆಯೇ ಜೊತೆಗೆ ಬಂದರು.

ನಡುಮನೆಯಲ್ಲಿ ಹಗಲಲ್ಲೂ ಕತ್ತಲು. ಅಜ್ಜಿ ಮಾತು ಶುರು ಮಾಡಿದ ಕೂಡಲೇ ಲೈಟು ಹಾಕಿದೆ. ಅಜ್ಜಿ ಮಾತು ನಿಲ್ಲಿಸಿ, ಕಣ್ಣು ಮುಚ್ಚಿ, ಸಂಜೆ ದೀಪ ಹಚ್ಚಿದಾಗ ಮುಗಿಯುವ ಹಾಗೆ ಲೈಟಿಗೆ ಕೈ ಮುಗಿದಳು. ಕಣ್ಣು ಬಿಟ್ಟಾಗ ಏನು ಹೇಳುತ್ತಿದ್ದೆ ಎಂಬುದೇ ಅವಳಿಗೆ ಮರೆತಿತ್ತು. ಬ್ಯಾಟರಿ ಉಳಿಯಲೆಂದು ಆರಿಸಿ, ಅವಳು ಮತ್ತೆ ಮಾತಿಗಿಳಿದ ಮೇಲೆ ಹಾಕಿದೆ. ಮತ್ತೆ ಕೈ ಮುಗಿದಳು. ಮೂರನೇ ಸಲ ನಾನು ರೇಗಿದೆ.

"ಅಜ್ಜಿ, ಅದು ದೀಪ ಅಲ್ಲ."

"ಬೆಳಕು ತಾನೆ?" ಎಂದಳು ಅಜ್ಜಿ.

ಮೇಷ್ಟ್ರು ಎದ್ದು ಬಂದು ಲೈಟು ಆರಿಸಿದರು. "ಹಿತ್ಲು ಬಾಗ್ಲಿಗೆ ಕರ್ಕೊಂಡ್ ಬಾ. ಆ ಬೆಳಕಿಗೆ ಅಜ್ಜಿ ಬೆಳಿಗ್ಗೇನೇ ಕೈ ಮುಗಿದಾಗೈತೆ."

ಬಾಗಿಲ ಬಳಿ ಕೂರಿಸಿ, ಮುಂದೆ ಅವರೆಕಾಯಿ ತುಂಬಿದ ಮೊರ ಇಟ್ಟು, ತಮ್ಮ ಹೆಗಲ ಬಿಳಿ ಟವೆಲ್ಲು ಬಿಡಿಸಿ ಎಡಗೈಯಲ್ಲಿ ಎತ್ತಿ ಹಿಡಿದರು. ಬಾಗಿಲಿಂದ ಬಂದ ಬಿಸಿಲು ಟವೆಲ್ಲಿಗೆ ಬಿದ್ದು ಅಜ್ಜಿಯ ಇನ್ನೊಂದು ಕೆನ್ನೆಗೆ ತಿರುಗಿತು. ಅಜ್ಜಿ ಕಾಯಿ ಸುಲಿಯುತ್ತ ತಾನಾಗಿಯೇ ಶುರು ಮಾಡಿದಳು: "ನಿಮ್ಮವ್ವ ಇಸ್ಕೂಲಿಗೆ ಸೇರ್ಸಿದ್ ದಿನ ಸ್ಲೇಟು ತಬ್ಕೊಂಡು ರಾಗಿ ಮೂಟೆ ಹಿಂದೆ ಅವಿತ್ಕೊಂಡಿದ್ಲು. ಹುಡ್ಕಿ ಹುಡ್ಕಿ ಸಾಕಾಗಿ ನಾನು ಅಳ್ತಾ ಕುಂತೆ. ಆಗ ಅವ್ಳೇ ಎದ್ ಬಂದು, ಅಳ್ಬ್ಯಾಡ ಕಣವ್ವ, ಹೋಯ್ತೀನಿ ಬುಡು ಅಂದ್ಲು." ಹನ್ನೊಂದು ನಿಮಿಷ ಮಾತಾಡಿದಳು. ಕ್ಯಾಮೆರಾ ಹಿಂದೆ ನನಗೆ ಅಳು ಬಂತು. ಮೇಷ್ಟ್ರು ಅಷ್ಟು ಹೊತ್ತೂ ಟವೆಲ್ಲು ಹಿಡಿದ ಕೈ ಇಳಿಸಲಿಲ್ಲ.

ವಾಪಸ್ ಬರುವಾಗ ಅವರು ಹೇಳಿದ್ದು ಇಷ್ಟೇ: "ಮೂಲೇಲಿ ನನ್ ಕೈ ಬಂದೈತೆ, ಕಟ್ ಮಾಡ್ಬುಡು." ಆಯ್ತು ಅಂದೆ. ಸೋಮಾರಿತನದಿಂದ ಮಾಡಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಅಜ್ಜಿಗೆ ಅಮ್ಮನ ಹೆಸರೂ ಮರೆತುಹೋಗಿತ್ತು.

ಹೋದ ವರ್ಷ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. ತಿಥಿಗೆಂದು ಫೋಟೋ ಹುಡುಕಿದರೆ ಊರವರ ಮದುವೆಗಳೆಲ್ಲ ಇವೆ, ಅವರು ಎಲ್ಲೂ ಇಲ್ಲ. ಆಧಾರ್ ಕಾರ್ಡಿನದೊಂದಿತ್ತು, ಅದರಲ್ಲಿ ಅವರು ಯಾರೋ ಬೇರೆಯವರ ಹಾಗಿದ್ದರು. "ನಿನ್ನತ್ರ ಏನಾದ್ರೂ ಐತೇನಮ್ಮ?" ಎಂದು ಅವರ ಹೆಂಡತಿ ಕೇಳಿದರು. ನನ್ನ ಬಳಿ ಇದ್ದದ್ದು ಅದೊಂದೇ. ಫೋನಿನಲ್ಲಿ ತೋರಿಸಿದೆ. ಅಜ್ಜಿಯ ಮಾತು, ಮೂಲೆಯಲ್ಲಿ ಬಿಳಿ ಟವೆಲ್ಲು, ಅದನ್ನು ಹಿಡಿದ ಕೈ, ಕೈಮೇಲಿನ ಸುಟ್ಟ ಕಲೆ. ಪೂರ್ತಿ ನೋಡಿದರು. ಸ್ವಲ್ಪ ಹೊತ್ತಿಗೆ ಫೋನು ಕಪ್ಪಾಯಿತು.

"ಇನ್ನೊಂದ್ಸಲ ಹಾಕು" ಎಂದರು.

ಹಾಕಿದೆ. ಫೋನು ಬೆಳಗಿತು. ಅವರು ಕಣ್ಣು ಮುಚ್ಚಿ ಕೈ ಮುಗಿದರು. ಈ ಸಲ ನಾನು "ಅದು ದೀಪ ಅಲ್ಲ" ಎನ್ನಲಿಲ್ಲ. ನಾನೂ ಕೈ ಮುಗಿದೆ.